ಬ್ರೇಕಿಲ್ಲದ ಚಕ್ರ

ಅಪ್ಪಾ, ಇದು ನಿಲ್ಲುತ್ತೆ. ನೆಲ ಒರೆಸುವ ಬಟ್ಟೆಯನ್ನು ಬಕೆಟ್ಟಿನ ಮೇಲೆ ಹಿಂಡುತ್ತ ಅವಳು ಆ ಮಾತನ್ನು ಬಾಯೊಳಗೇ ಇನ್ನೊಮ್ಮೆ ಹೇಳಿ ನೋಡಿದಳು. ಮೊದಲು 'ಅಪ್ಪಾ' ಬೇಕೋ ಬೇಡವೋ. 'ಇದು' ಎಂದರೆ ಚಕ್ರವನ್ನು ಬೆರಳು ಮಾಡಿ ತೋರಿಸಿದ ಹಾಗಾಗುವುದಿಲ್ಲವೇ. 'ನಿಲ್ಲುತ್ತೆ' ಎಂಬುದನ್ನು ತೀರ ಮೆಲ್ಲಗೆ ಹೇಳಿ, ಅದು ಕೇಳಿಸದೆ ಅಪ್ಪ 'ಏನಂದೆ?' ಎಂದು ಕಿವಿಯನ್ನು ಮುಂದೆ ತಂದರೆ, ಎರಡನೆಯ ಸಲ ಹೇಳುವ ಧೈರ್ಯ ತನಗೆಲ್ಲಿಂದ ಬರಬೇಕು. ಹೋದ ಭಾನುವಾರ ಗೆಳೆಯರ ಮುಂದೆ ಅಪ್ಪ ಘೋಷಿಸಿಬಿಟ್ಟಿದ್ದ: "ನಾವು ನಾವೇ ನೋಡ್ಕೊಂಡು ನಾವೇ ಭೇಷ್ ಅನ್ಕೊಂಡಿದ್ದು ಸಾಕು. ಮುಂದಿನ ವಾರ ನನ್ನ ಚಕ್ರದ ಮುಂದೆ ಪುಟ್ಟಿ ಕೂರ್ತಾಳೆ. ಫಿಸಿಕ್ಸ್ ಓದಿದೋಳು. ಅವಳು ಏನಂತಾಳೋ ಅದೇ ತೀರ್ಪು." ಅಡುಗೆಮನೆಯ ಬಾಗಿಲಲ್ಲಿ ಟೀ ಲೋಟಗಳ ತಟ್ಟೆ ಹಿಡಿದು ನಿಂತಿದ್ದ ಅವಳ ಅಂಗೈಗೆ ತಟ್ಟೆಯ ಅಂಚು ಒತ್ತಿ ಕೆಂಪಗೆ ಗೆರೆ ಮೂಡಿತ್ತು. ಬೇಡ ಎನ್ನಬಹುದಿತ್ತು. ಬೇಡ ಎನ್ನುವುದಕ್ಕೂ ಬಾಯಿ ಬೇಕಲ್ಲ.

"ಆ ಸ್ಟೆಬಿಲೈಸರ್ ಪಕ್ಕ ನೀರು ಚೆಲ್ಲಬೇಡ ಕಣೇ," ಎಂದಳು ಅಮ್ಮ, ಒಲೆಯ ಕಡೆಯಿಂದ ತಿರುಗದೆಯೇ. "ಎತ್ತಿ ಮೇಲಿಡು ಅದನ್ನ. ಯಾವತ್ತಾದ್ರೂ ಒಂದಿನ ಹೊಗೆ ಹಾಕ್ಕೊಂಡು ಕೂರುತ್ತೆ." ಫ್ರಿಜ್ಜಿನ ಬದಿಯಲ್ಲಿ ನೆಲದ ಮೇಲೇ ಕೂತಿರುತ್ತಿದ್ದ ಆ ಕಬ್ಬಿಣದ ಪೆಟ್ಟಿಗೆ ಅದರ ಗಾತ್ರಕ್ಕೆ ಮೀರಿದ ತೂಕದ್ದು. ಅವಳು ಸ್ವಿಚ್ಚು ಆರಿಸಿ, ಮೊಣಕಾಲಿಗೆ ಆನಿಸಿಕೊಂಡು ಎತ್ತಿ, ಸಕ್ಕರೆ ಡಬ್ಬವನ್ನು ಸರಿಸಿ, ಪ್ಲೈವುಡ್ ಗೋಡೆಗೆ ಹೊಡೆದಿದ್ದ ಹಲಗೆಯ ಮೇಲಿಟ್ಟಳು. ಮತ್ತೆ ಸ್ವಿಚ್ಚು ಹಾಕಿದಾಗ ಅದು ಯಾವತ್ತಿನಂತೆ ಮೂಗಿನಲ್ಲಿ ಗುಂಯ್ ಎಂದಿತು. ಅಡುಗೆಮನೆಗೂ ಮುಂದಿನ ಕೋಣೆಗೂ ನಡುವೆ ಇದ್ದದ್ದು ಆ ಪ್ಲೈವುಡ್ ಹಾಳೆಯೊಂದೇ. ಒಳಗೆ ಒಗ್ಗರಣೆ ಹಾಕಿದರೆ ಹೊರಗೆ ಕೂತವರು ಸೀನುತ್ತಿದ್ದರು.

ಗೋಡೆಯ ಆ ಕಡೆ ಅಪ್ಪ ಏನನ್ನೋ ಎಳೆಯುತ್ತಿದ್ದ. ಅವಳು ಇಣುಕಿದಾಗ ಚಕ್ರದ ಚೌಕಟ್ಟು ಕಿಟಕಿಯ ಬಳಿಯಿಂದ ಹೊರಟು, ಕುಂಟುತ್ತ ಕುಂಟುತ್ತ, ಮೂಲೆ ಸೇರಿತ್ತು. ಸೈಕಲ್ಲಿನ ರಿಮ್ಮಿನಷ್ಟು ದೊಡ್ಡ ಚಕ್ರ. ಅದರ ಅಂಚಿನ ತುಂಬ ಹಳೆಯ ಸ್ಪೀಕರುಗಳಿಂದ ಕಿತ್ತ ಆಯಸ್ಕಾಂತಗಳು, ಒಂದರ ಮುಖ ಹೊರಗೆ, ಮುಂದಿನದರ ಬೆನ್ನು ಹೊರಗೆ. ಕಡ್ಡಿಗಳ ನಡುವೆ ಜಾರುವ ಸೀಸದ ಗುಂಡುಗಳು. ಗುಂಡು ಕೆಳಗೆ ಜಾರುವಾಗ ಭೂಮಿ ಎಳೆಯಬೇಕು, ಮೇಲೆ ಹತ್ತುವಾಗ ಆಯಸ್ಕಾಂತ ಚಕ್ರವನ್ನು ತಳ್ಳಬೇಕು. ಇಬ್ಬರೂ ಕೈ ಬಿಡದಿದ್ದರೆ ಚಕ್ರ ತಿರುಗುತ್ತಲೇ ಇರಬೇಕು. ಅಪ್ಪನ ನಂಬಿಕೆ ಇಷ್ಟೇ. ಅದರಲ್ಲಿ ಕೆಟ್ಟದ್ದೇನಿದೆ ಎಂದು ಅವಳಿಗೆ ಎಷ್ಟೋ ಸಲ ಅನ್ನಿಸಿದೆ. "ಕಿಟಕಿ ಗಾಳಿನೇ ತಿರುಗಿಸ್ತಿದೆ ಅಂತಿದ್ರಲ್ಲ ನಮ್ಮ ಕನ್ನಡಕದಂಗಡಿಯವರು," ಎಂದ ಅಪ್ಪ, ಚಕ್ರದ ಅಂಚಿಗೂ ಪ್ಲೈವುಡ್ಡಿಗೂ ನಡುವೆ ಬೆರಳು ತೂರಿಸಿ ಅಳೆಯುತ್ತ. "ಇಲ್ಲಿಗೆ ಯಾವ ಗಾಳಿ ಬರುತ್ತೆ ನೋಡೇಬಿಡೋಣ. ಹೊರಗಿನ ಒಂದು ಸಹಾಯಾನೂ ಬೇಡ ನಂಗೆ. ಅಲ್ವೇನೇ?" ಅವಳು ತಲೆಯಾಡಿಸಿದಳು. ಅವಳ ತಲೆಯಾಡಿಸುವಿಕೆಯನ್ನು ಅಪ್ಪ ಹೌದೆಂದು ತಿಳಿದನೋ, ಒದ್ದೆ ಕೂದಲು ಮುಖಕ್ಕೆ ಬಂತೆಂದು ತಿಳಿದನೋ. ಅವಳ ಇಡೀ ಬದುಕು ಹೀಗೆ, ಇತರರು ಬೇಕಾದಂತೆ ತಿಳಿಯಬಹುದಾದ ತಲೆಯಾಡಿಸುವಿಕೆಗಳಲ್ಲೇ ಕಳೆದುಹೋಗುತ್ತಿರುವಂತೆ ಅನ್ನಿಸಿತು.

ಕೊನೆಯ ವರ್ಷದ ತರಗತಿಯಲ್ಲಿ ಲೆಕ್ಚರರು ಹಲಗೆಯ ಮೇಲೆ ಇದೇ ಚಕ್ರವನ್ನು ಬರೆದಿದ್ದರು. ಕಡ್ಡಿಗಳು, ಜಾರುವ ಗುಂಡುಗಳು, ಬಾಣದ ಗುರುತು. "ಪ್ರತಿ ಊರಿನಲ್ಲೂ ಇಂಥದ್ದನ್ನ ಮಾಡ್ತಾ ಕೂತಿರೋ ಒಬ್ಬ ಮಹಾನುಭಾವ ಇದ್ದೇ ಇರ್ತಾನೆ," ಎಂದಾಗ ತರಗತಿ ಘೊಳ್ಳೆಂದಿತ್ತು. ಅವಳೂ ನಕ್ಕಿದ್ದಳು. ನಗದೆ ಇದ್ದರೆ ಯಾರಾದರೂ ತಿರುಗಿ ನೋಡಿ, ಅವಳ ಮುಖದಲ್ಲಿ ಅಪ್ಪನನ್ನು ಕಂಡುಬಿಡುತ್ತಾರೆಂಬ ಭಯ. ಆ ನಗು ಬಾಯಿಗೆ ಬಂದದ್ದಕ್ಕಿಂತ, ಎಷ್ಟು ಸಲೀಸಾಗಿ ಬಂತು ಎಂಬುದು ಅವಳನ್ನು ಚುಚ್ಚಿತ್ತು. ಮನೆಗೆ ಬಂದರೆ ಅಪ್ಪ ಬಾಗಿಲಲ್ಲೇ ಹಿಡಿದುಕೊಂಡು, ಹೊಸ ಗುಂಡುಗಳನ್ನು ಅಂಗೈಯಲ್ಲಿ ಉರುಳಿಸಿ, "ತೂಕ ನೋಡು, ಒಂದೊಂದೂ ಸಮ," ಎಂದಿದ್ದ. ಎಲ್ಲ ಗೊತ್ತಿದ್ದೂ ಅವಳು, ಚೆನ್ನಾಗಿದೆಯಪ್ಪ, ಎಂದಿದ್ದಳು. ಅದು ಕರುಣೆಯೋ ಹೇಡಿತನವೋ ಎಂದು ಆಮೇಲೆ ಎಷ್ಟೋ ಸಂಜೆ ಯೋಚಿಸಿದ್ದಾಳೆ. ಎರಡೂ ಒಂದೇ ಬಟ್ಟೆಯ ಎರಡು ಮಗ್ಗುಲಿನಂತೆ ಕಂಡು, ಯಾವುದು ಒಳಗಿನದು ಎಂದು ತಿಳಿಯದೆ, ಮಡಿಸಿಟ್ಟುಬಿಟ್ಟಿದ್ದಳು. ಆದರೆ ಇವತ್ತು ಬಿಚ್ಚಲೇಬೇಕು. ನಿಲ್ಲುತ್ತೆ ಎಂದು ಅವಳು ಹೇಳಿದರೆ ಅಪ್ಪನ ಭಾನುವಾರಗಳೆಲ್ಲ ಆ ಒಂದು ಮಾತಿನಡಿ ಬಿದ್ದುಹೋಗುತ್ತವೆ. ಹೇಳದಿದ್ದರೆ ನಾಳೆಯಿಂದ ಅಪ್ಪ, ಫಿಸಿಕ್ಸ್ ಓದಿದ ಮಗಳೇ ಒಪ್ಪಿದ್ದಾಳೆ ಎಂದು ಊರೆಲ್ಲ ಹೇಳಿಕೊಂಡು ಬರುತ್ತಾನೆ. ಎಲ್ಲೋ ಯಾರೋ ಘೊಳ್ಳೆನ್ನುತ್ತಾರೆ.

ಮೊದಲು ಬಂದವರು ಡ್ರಾಯಿಂಗ್ ಮೇಷ್ಟ್ರು. ಎಲ್ಲರಿಗಿಂತ ಹಿರಿಯರು, ಶಾಲೆ ಬಿಟ್ಟು ಎಷ್ಟೋ ಕಾಲವಾದರೂ ಬೆರಳಲ್ಲಿ ಸೀಮೆಸುಣ್ಣ ಹಿಡಿದಿದ್ದಾರೆಂಬಂತೆಯೇ ಮಾತಾಡುವವರು. ಆಮೇಲೆ ಕನ್ನಡಕದಂಗಡಿಯವರು, ಎಣ್ಣೆ ತುಂಬಿದ ಬಾಟಲಿಗಳ ಚಕ್ರ ಮಾಡಿದ್ದವರು, ಅದು ಸೋರಿ ಹೆಂಡತಿಯಿಂದ ಬೈಸಿಕೊಂಡವರು. ಕೊನೆಗೆ ಬೇರಿಂಗ್. ಸೈಕಲ್ ಅಂಗಡಿಯ ಅವನಿಗೆ ಆ ಹೆಸರನ್ನು ಯಾರು ಇಟ್ಟರೋ, ಈಗ ಅವನ ಮನೆಯಲ್ಲೂ ಅದೇ. "ಲಿಫ್ಟಣ್ಣಾ, ಏನಿದು, ಚಕ್ರಾನ ಮೂಲೆಗೆ ಹಾಕ್ಬಿಟ್ಟಿದೀಯ? ಏನ್ ತಪ್ಪು ಮಾಡ್ತು ಪಾಪ?" ಎನ್ನುತ್ತಲೇ ಚಪ್ಪಲಿ ಬಿಟ್ಟ. ಅಪ್ಪ ಹೋದ ವರ್ಷದವರೆಗೂ ಒಂದು ದೊಡ್ಡ ಆಫೀಸು ಕಟ್ಟಡದ ಲಿಫ್ಟುಗಳನ್ನು ನೋಡಿಕೊಳ್ಳುತ್ತಿದ್ದುದರಿಂದ ಅವರಿಗೆಲ್ಲ ಅವನು ಲಿಫ್ಟಣ್ಣ. "ಜಡ್ಜ್ ಅಮ್ಮಾವ್ರು ಎಲ್ಲಿ?" ಎಂದು ಬೇರಿಂಗ್ ಕೂಗಿದಾಗ ಅವಳು ಅಡುಗೆಮನೆಯಲ್ಲಿ, ಒಣಗಿದ್ದ ಲೋಟಗಳನ್ನೇ ಮತ್ತೆ ಒರೆಸುತ್ತಿದ್ದಳು.

ಅವರಿಗೆ ಅವರದೇ ಕೆಲವು ಕಟ್ಟುಪಾಡುಗಳಿದ್ದವು. ಯಾರ ಚಕ್ರವೋ ಅವರೇ ಮೊದಲ ತಳ್ಳು ಕೊಡಬೇಕು. ಕೊಟ್ಟ ಮೇಲೆ ಚಕ್ರವನ್ನು ಯಾರೂ, ಮಾಡಿದವನು ಕೂಡ, ಮುಟ್ಟಬಾರದು. ಅದು ಸುಮ್ಮನಾಗುವವರೆಗೆ ಯಾರೂ ಕೂತಲ್ಲಿಂದ ಏಳಬಾರದು. ಎದ್ದರೆ ಮಾಡಿದವನಿಗೆ ಅವಮಾನ. ಮತ್ತೆ, ಸುಮ್ಮನಾದ ಮೇಲೆ 'ನಿಂತಿತು' ಅನ್ನುವ ಹಾಗಿಲ್ಲ. 'ದಣೀತು' ಅನ್ನಬೇಕು. ಮಾಡಿದವನೇ ಅನ್ನಬೇಕು. ಆಗ ಉಳಿದವರು, ಪರವಾಗಿಲ್ಲ, ಹೋದ ಸಲಕ್ಕಿಂತ ವಾಸಿ, ಎಂದು ಟೀ ಲೋಟಕ್ಕೆ ಕೈ ಹಾಕುತ್ತಿದ್ದರು. ಚಿಕ್ಕವಳಿದ್ದಾಗ ಅವಳಿಗೆ ಇದೊಂದು ಆಟದ ಹಾಗೆ ಕಾಣುತ್ತಿತ್ತು. ದೊಡ್ಡವಳಾದಂತೆ, ಕಾಯಿಲೆಯವರ ಮನೆಯಲ್ಲಿ ಕೆಲವು ಮಾತುಗಳನ್ನು ಎತ್ತದೆ ಇರುವುದರ ಹಾಗೆ. ಅಪ್ಪ ಅವಳಿಗೆಂದು ತನ್ನ ಕುರ್ಚಿಯನ್ನೇ ಚಕ್ರದ ಎದುರಿಗೆ ಇಟ್ಟಿದ್ದ. ಅದರಲ್ಲಿ ಕೂತಾಗ ಅವಳ ಕಾಲು ನೆಲಕ್ಕೆ ಸರಿಯಾಗಿ ಎಟುಕಲಿಲ್ಲ. ಎಲ್ಲರೂ ನೋಡುತ್ತಿದ್ದದ್ದು ಚಕ್ರವನ್ನೋ ತನ್ನನ್ನೋ ತಿಳಿಯದೆ ಅವಳು ಸೆರಗಿಲ್ಲದಿದ್ದರೂ ಸೆರಗು ಸರಿಪಡಿಸಿಕೊಳ್ಳುವವಳಂತೆ ದುಪಟ್ಟಾದ ತುದಿ ಎಳೆದುಕೊಂಡಳು.

ಅಪ್ಪ ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಚಕ್ರವನ್ನು ಜೋರಾಗಿ ತಳ್ಳಿ, ಹಿಂದೆ ಸರಿದು ನೆಲದ ಮೇಲೆ ಕೂತ. ಸೀಸದ ಗುಂಡುಗಳು ಕಡ್ಡಿಯ ತುದಿಗೆ ತಾಗುವ ಸದ್ದು ಮೊದಲು ಒಂದರ ಮೇಲೊಂದು ಬಿದ್ದು, ಆಮೇಲೆ ಬಿಡಿಸಿಕೊಂಡು, ಟಕ್, ಟಕ್, ಟಕ್ ಎಂದು ಎಣಿಸುವಂತಾಯಿತು. ಆ ಸದ್ದು ಅವಳಿಗೆ ಬಾಯಿಪಾಠ. ಪರೀಕ್ಷೆಗೆ ಓದುವಾಗ, ಜ್ವರ ಬಂದು ಮಲಗಿದಾಗ, ಗೋಡೆಯಾಚೆ ಅದು ಹೇಗೆ ಸ್ವಲ್ಪಸ್ವಲ್ಪವೇ ಬಿಡುವು ಹಿಗ್ಗಿಸಿಕೊಂಡು, ಕೊನೆಯಲ್ಲಿ ಏನೋ ಮರೆತವರಂತೆ ತಡೆದು, ಒಮ್ಮೆ ಹಿಂದಕ್ಕೆ ವಾಲಿ ಸುಮ್ಮನಾಗುತ್ತದೆ ಎಂಬುದನ್ನು ಅವಳ ಕಿವಿ ಅವಳಿಗಿಂತ ಮೊದಲೇ ಅರಿಯುತ್ತಿತ್ತು. ಈಗಲೂ ಬಿಡುವು ಹಿಗ್ಗುತ್ತಿತ್ತು. ಅವಳು ತನ್ನ ಮಾತನ್ನು ಹೊಂದಿಸಿಕೊಳ್ಳತೊಡಗಿದಳು. ಅಪ್ಪಾ, ಬೇಜಾರು ಮಾಡ್ಕೋಬೇಡ. ಅಲ್ಲ, ಬೇಜಾರಿನಿಂದ ಶುರು ಮಾಡಬಾರದು. ಅಪ್ಪಾ, ಕೆಲಸ ಎಷ್ಟು ಚೆನ್ನಾಗಿದೆ ಅಂದ್ರೆ. ಸುಳ್ಳು. ಕೆಲಸ ಚೆನ್ನಾಗಿದೆ ಎನ್ನುವುದು ಸುಳ್ಳಲ್ಲ, ಅದನ್ನು ಈಗ ಹೇಳುವುದು ಸುಳ್ಳು. ಹೀಗೆ ತೂಗುತ್ತಿರುವಾಗ ಅವಳ ಕಿವಿ ಎಲ್ಲೋ ಎಡವಿತು. ಬಿಡುವು ಹಿಗ್ಗುವುದು ನಿಂತುಹೋಗಿತ್ತು. ಟಕ್, ಟಕ್, ಟಕ್. ಹಿಂದಿನದರಷ್ಟೇ ಮುಂದಿನದು. ಯಾರೋ ಮೂಲೆಯಲ್ಲಿ ಕೂತು ಬೇಸರವಿಲ್ಲದೆ ತಾಳ ಹಾಕುತ್ತಿರುವಂತೆ.

ಅವಳ ನಂತರ ಗಮನಿಸಿದವನು ಬೇರಿಂಗ್. "ಲಿಫ್ಟಣ್ಣಾ," ಎಂದ, ಪಿಸುಮಾತಿನಲ್ಲಿ. ಕನ್ನಡಕದವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಕಿಟಕಿ ಮುಚ್ಚಿತ್ತು, ಫ್ಯಾನು ಆರಿತ್ತು. ಚಕ್ರ ತಿರುಗುತ್ತಿತ್ತು. ಟೀ ಆರಿ ಕೆನೆಗಟ್ಟಿತು. ಕಿಟಕಿಯ ಬಿಸಿಲು ಬೇರಿಂಗನ ಮೊಣಕಾಲಿನಿಂದ ಇಳಿದು ನೆಲಕ್ಕೆ ಬಂದು ಅಪ್ಪನ ಪಾದದ ಕಡೆ ತೆವಳಿತು. ಚಕ್ರ ತಿರುಗುತ್ತಲೇ ಇತ್ತು. ಅವಳೊಳಗೆ ಏನೋ ಒಂದು ಧಿಗ್ಗನೆ ಎದ್ದು ನಿಂತಿತು: ಹಾಗಾದರೆ ಓದಿದ್ದೆಲ್ಲ ಸುಳ್ಳೇ. ಹಲಗೆಯ ಮೇಲಿನ ಚಕ್ರ, ಲೆಕ್ಚರರ ನಗು, ತನ್ನ ನಗು, ಎಲ್ಲವೂ ಸುಳ್ಳಾಗಿ, ಈ ಮೂಲೆಯಲ್ಲಿ, ಈ ನೆಲ ಒರೆಸಿದ ಕೋಣೆಯಲ್ಲಿ, ಅಪ್ಪನೊಬ್ಬನೇ ನಿಜವೇ. ಒಂದು ಗಳಿಗೆ ಅವಳಿಗೆ ಅಳು ಬರುವಷ್ಟು ಸಂತೋಷವಾಯಿತು. ಆ ಸಂತೋಷದಲ್ಲೇ ಅವಳು ಅಪ್ಪನ ಮುಖ ನೋಡಿದಳು.

ಅಪ್ಪ ಸಂತೋಷದಲ್ಲಿರಲಿಲ್ಲ. ಅವನ ಹಣೆಯಲ್ಲಿ ಬೆವರು ಸಾಲುಗಟ್ಟಿತ್ತು. ಎರಡೂ ಕೈ ನೆಲವನ್ನು ಒತ್ತಿ ಹಿಡಿದಿದ್ದವು, ನೆಲವೇ ಎಲ್ಲಿ ಹೊರಟುಬಿಡುತ್ತದೋ ಎಂಬಂತೆ. "ಏನಪ್ಪಾ ಇದು, ಸಾಕು ಮಾಡೋ ಹಾಗೆ ಕಾಣಲ್ವಲ್ಲ," ಎಂದರು ಮೇಷ್ಟ್ರು, ಒಂದು ತೊಡೆಯಿಂದ ಇನ್ನೊಂದು ತೊಡೆಗೆ ಭಾರ ಬದಲಿಸುತ್ತ. ಮೇಷ್ಟ್ರಿಗೆ ಬಹಳ ಹೊತ್ತು ಕೂರಲಾಗುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತಿತ್ತು. ಬಚ್ಚಲಿನ ಬಾಗಿಲು ಅವರ ಬೆನ್ನ ಹಿಂದೆಯೇ ಇತ್ತು. "ಎದ್ದು ಹೋಗಿಬನ್ನಿ ಮೇಷ್ಟ್ರೇ," ಎಂದ ಬೇರಿಂಗ್. "ಏನೋ ಮಾತಾಡ್ತೀಯ? ಇಂಥ ದಿವಸ ನಾನು ಏಳ್ಲಾ?" "ಹಾಗಾದ್ರೆ ತಡ್ಕೊಂಡು ಕೂತಿರಿ, ಇದು ನಿಂ— ಇದು ದಣಿಯೋತನಕ. ಮುಂದಿನ ವರ್ಷ ಎದ್ದೇಳೋಣ." ಯಾರೂ ನಗಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಕನ್ನಡಕದವರು ತಮಗೇ ಹೇಳಿಕೊಂಡಂತೆ, "ಹಾಗಾದ್ರೆ ಇನ್ನು ನನ್ನದನ್ನ ತರೋದು ಬೇಡ, ಅಲ್ವಾ," ಎಂದರು. ಬೇರಿಂಗ್ ತನ್ನ ಅಂಗಿಯ ಜೇಬು ಮುಟ್ಟಿ ನೋಡಿಕೊಂಡ. ಅದರಲ್ಲಿ ಅಪ್ಪನಿಗೆಂದು ತಂದಿದ್ದ ಎರಡು ಹೊಸ ಬೇರಿಂಗು ಕಾಗದದಲ್ಲಿ ಸುತ್ತಿದ್ದವು, ಇನ್ನು ಬೇಕಾಗಿಲ್ಲದವು. ಅಪ್ಪ ಯಾರ ಕಡೆಗೂ ನೋಡದೆ, "ಬ್ರೇಕೇ ಇಟ್ಟಿಲ್ವಲ್ಲೋ ಇದಕ್ಕೆ," ಎಂದ. "ಯಾರೂ ಇಟ್ಟಿಲ್ಲ," ಎಂದ ಬೇರಿಂಗ್. "ನಮ್ಮಲ್ಲಿ ಯಾರಿಗೆ ಯಾವತ್ತು ಬೇಕಾಗಿತ್ತು?"

ಚಿಕ್ಕಂದಿನಲ್ಲಿ ಒಮ್ಮೆ ಅಪ್ಪ ಅವಳನ್ನು ಆ ಕಟ್ಟಡದ ತಾರಸಿಗೆ, ಲಿಫ್ಟಿನ ಮೋಟರು ಇರುವ ಕೋಣೆಗೆ ಕರೆದುಕೊಂಡು ಹೋಗಿದ್ದ. ಗ್ರೀಸಿನ ವಾಸನೆ. ಕೆಳಗೆಲ್ಲೋ ಗುಂಡಿ ಒತ್ತಿದವರ ಅವಸರಕ್ಕೆ ಇಲ್ಲಿ ದೊಡ್ಡ ಗಾಲಿ ಎದ್ದು ತಿರುಗುತ್ತಿತ್ತು. ಅಪ್ಪ ಮಾತ್ರ ಗಾಲಿಯನ್ನು ತೋರಿಸಲಿಲ್ಲ. ಅದರ ಪಕ್ಕದ ಡ್ರಮ್ಮನ್ನು ಎರಡು ಕಡೆಯಿಂದ ತಬ್ಬಿದ್ದ ಬ್ರೇಕನ್ನು ತೋರಿಸಿದ್ದ. "ನೋಡು ಪುಟ್ಟಿ, ಇದು ಯಾವಾಗ್ಲೂ ಹಿಡ್ಕೊಂಡೇ ಇರುತ್ತೆ. ಕರೆಂಟ್ ಬಂದಾಗ ಮಾತ್ರ ಬಿಡುತ್ತೆ. ಕರೆಂಟ್ ಹೋಯ್ತೋ, ತಕ್ಷಣ ಹಿಡ್ಕೊಳ್ಳುತ್ತೆ. ಅಷ್ಟು ಜನ ಒಳಗಿರ್ತಾರೆ, ಅವರ್ಯಾರಿಗೂ ಇದು ಇರೋದೇ ಗೊತ್ತಿಲ್ಲ." ಕರೆಂಟ್ ಹೋಯಿತೋ. ಅವಳ ಕಿವಿಗೆ ಆಗ ಕೇಳಿಸಿತು, ಟಕ್ ಟಕ್ಕಿನ ಕೆಳಗೆ, ಇಷ್ಟು ಹೊತ್ತೂ ಇದ್ದು ಇಲ್ಲದಂತಿದ್ದ ಆ ಮೂಗಿನ ರಾಗ. ಗುಂಯ್. ಅದು ಚಕ್ರದ ಹಿಂದಿನಿಂದಲೇ ಬರುತ್ತಿತ್ತು. ಪ್ಲೈವುಡ್ಡಿನ ಆಚೆ, ಚಕ್ರದ ಅಂಚಿಗೆ ಸರಿಯಾಗಿ, ಸಕ್ಕರೆ ಡಬ್ಬದ ಪಕ್ಕ, ಬೆಳಿಗ್ಗೆ ಅವಳೇ ಎತ್ತಿಟ್ಟ ಪೆಟ್ಟಿಗೆ. ಅದರೊಳಗಿನ ತಂತಿಯ ಸುರುಳಿ ಕರೆಂಟಿನ ತಾಳಕ್ಕೆ ಆಯಸ್ಕಾಂತವಾಗಿ, ಮರುಕ್ಷಣ ತಿರುಗುಮುರುಗಾಗಿ, ಅಪ್ಪನ ಆಯಸ್ಕಾಂತಗಳನ್ನು ಒಂದೊಂದಾಗಿ ಕರೆದು ಒಂದೊಂದಾಗಿ ಕಳಿಸುತ್ತಿತ್ತು. ಚಕ್ರದ ವೇಗ ಇಳಿಯುತ್ತ ಇಳಿಯುತ್ತ ಆ ತಾಳಕ್ಕೆ ಬಂದು ಸಿಕ್ಕಿಕೊಂಡಿತ್ತು. ಹೊರಗಿನ ಒಂದು ಸಹಾಯವೂ ಬೇಡವೆಂದು ಅಪ್ಪ ಆರಿಸಿದ ಮೂಲೆ ಅದು.

ಸುಮ್ಮನಿದ್ದುಬಿಡಬಹುದಿತ್ತು. ಯಾರಿಗೂ ತಿಳಿಯುತ್ತಿರಲಿಲ್ಲ, ಅಪ್ಪ ಗೆದ್ದವನಾಗಿ ಉಳಿಯುತ್ತಿದ್ದ. ಆದರೆ ಗೆದ್ದವನ ಬೆನ್ನು ಹಾಗೆ ಬಾಗಿರುತ್ತದೆಯೇ. ಅವನ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು, ಕುತ್ತಿಗೆಯ ಪಕ್ಕದ ನರ ಟಕ್ ಟಕ್ಕಿಗೆ ಸರಿಯಾಗಿ ಮಿಡಿಯುತ್ತಿತ್ತು. ಅವನು ಸದ್ದಿಲ್ಲದೆ ಅವಳ ಕಡೆ ತಿರುಗಿದ. "ಪುಟ್ಟಿ," ಎಂದ. ಏನು ಹೇಳ್ತೀಯ ಎಂದು ಕೇಳಲಿಲ್ಲ. ಬರೀ ಪುಟ್ಟಿ ಎಂದ, ಅವಳು ಚಿಕ್ಕವಳಾಗಿದ್ದಾಗ ಕತ್ತಲೆಯಲ್ಲಿ ಅವಳು ಅವನನ್ನು ಕರೆಯುತ್ತಿದ್ದ ಸ್ವರದಲ್ಲಿ.

ಅವಳು ಎದ್ದಳು. ಕುರ್ಚಿ ನೆಲಕ್ಕೆ ಕಿರ್ರೆಂದು ಉಜ್ಜಿತು. ಮೇಷ್ಟ್ರು ಬಾಯಿ ತೆರೆದವರು ಹಾಗೇ ಉಳಿದರು. ಈ ಕೋಣೆಯಲ್ಲಿ ಚಕ್ರ ತಿರುಗುತ್ತಿರುವಾಗ ಯಾರೂ ಎದ್ದದ್ದಿಲ್ಲ, ಬೆನ್ನು ತಿರುಗಿಸಿದ್ದಂತೂ ಇಲ್ಲವೇ ಇಲ್ಲ. ಎಲ್ಲರ ಕಣ್ಣು ಬೆನ್ನಿಗೆ ಹತ್ತಿದ್ದನ್ನು ಅನುಭವಿಸುತ್ತಲೇ ಅವಳು ಅಡುಗೆಮನೆಗೆ ನಡೆದಳು. "ಟೀ ಮತ್ತೆ ಬಿಸಿ ಮಾಡ್ಲಾ?" ಎಂದಳು ಅಮ್ಮ. ಅವಳು ಹಲಗೆಯ ಮುಂದೆ ನಿಂತು ಸ್ವಿಚ್ಚಿಗೆ ಬೆರಳಿಟ್ಟಳು. ಒತ್ತಿದಳು. ಗುಂಯ್ ಎನ್ನುವುದು ನಿಂತಾಗಲೇ ಅದು ಎಷ್ಟು ದೊಡ್ಡ ಸದ್ದಾಗಿತ್ತೆಂದು ತಿಳಿದದ್ದು. ಗೋಡೆಯಾಚೆ ಟಕ್, ಟಕ್. ಟಕ್. ಬಿಡುವು ಹಿಗ್ಗಿತು. ಇನ್ನಷ್ಟು ಹಿಗ್ಗಿತು. ಏನೋ ಮರೆತವರಂತೆ ತಡೆದು, ಒಮ್ಮೆ ಹಿಂದಕ್ಕೆ ವಾಲಿ, ಚಕ್ರ ಸುಮ್ಮನಾಯಿತು.

"ದಣೀತು," ಎಂದ ಅಪ್ಪ.

ಆ ಒಂದು ಮಾತಿನಲ್ಲಿ ಅವನ ಎದೆಯ ಉಸಿರೆಲ್ಲ ಹೊರಬಿದ್ದದ್ದು ಅಡುಗೆಮನೆಗೂ ಕೇಳಿಸಿತು. ಮೇಷ್ಟ್ರು ಬಚ್ಚಲಿಗೆ ಧಾವಿಸಿದ ಸದ್ದು, ಚಿಲಕದ ಸದ್ದು, ಬೇರಿಂಗನ ಕೇಕೆ. ಅವಳು ಬಾಗಿಲಿಗೆ ಬಂದು ಚೌಕಟ್ಟಿಗೆ ಒರಗಿದಳು. ಈಗ ಮಾತು ಹೊಂದಿಸಿಕೊಳ್ಳುವುದಕ್ಕೆ ಸಮಯವಿರಲಿಲ್ಲ. "ಅಪ್ಪಾ, ಫ್ರಿಜ್ಜಿನ ಸ್ಟೆಬಿಲೈಸರ್ ಅದು. ಬೆಳಿಗ್ಗೆ ನಾನೇ ಹಲಗೆ ಮೇಲಿಟ್ಟೆ. ಅದೇ ಎಳೀತಾ ಇತ್ತು." ಅಪ್ಪ ಎದ್ದ. ಕಾಲು ಜೋಮು ಹಿಡಿದಿತ್ತು, ಗೋಡೆ ಹಿಡಿದುಕೊಂಡು ಒಳಗೆ ಬಂದ. ಹಲಗೆಯನ್ನು ನೋಡಿದ, ಪ್ಲೈವುಡ್ಡನ್ನು ಬೆರಳಿನಿಂದ ಕುಟ್ಟಿದ, ಇನ್ನೂ ಬೆಚ್ಚಗಿದ್ದ ಪೆಟ್ಟಿಗೆಯ ಮೇಲೆ, ಜ್ವರ ನೋಡುವವರಂತೆ, ಅಂಗೈಯಿಟ್ಟ. "ಹಾಗಾದ್ರೆ ನಾನು ಮಾಡಿರೋದು ಮೋಟರು." "ಹೂಂ. ಒಳ್ಳೇ ಮೋಟರು." "ಇದಿಲ್ದಿದ್ರೆ?"

"ಇದಿಲ್ದಿದ್ರೆ," ಎಂದಳು ಅವಳು, "ನಿಲ್ಲುತ್ತಪ್ಪ."

"ಯಾವಾಗ್ಲೂ?"

"ಯಾವಾಗ್ಲೂ."

ಅಪ್ಪ ಅವಳನ್ನೇ ನೋಡಿದ. ಅವಳು ಕಣ್ಣು ತಗ್ಗಿಸಲಿಲ್ಲ. ಹೊರಗೆ ಬೇರಿಂಗೂ ಕನ್ನಡಕದವರೂ ಉಸಿರು ಬಿಗಿಹಿಡಿದಿದ್ದು ಪ್ಲೈವುಡ್ಡಿನಲ್ಲೇ ಗೊತ್ತಾಗುತ್ತಿತ್ತು. ಏನೋ ಒಡೆಯಬೇಕಿತ್ತು, ಎಷ್ಟೋ ಕಾಲದಿಂದ ಅವಳು ಕಿವಿ ಮುಚ್ಚಿಕೊಂಡು ಕಾಯುತ್ತಿದ್ದದ್ದು. ಒಡೆಯಲಿಲ್ಲ. ಅಪ್ಪ ಅಡುಗೆಮನೆಯ ಮಣೆಯ ಮೇಲೆ ಕುಸಿದು ಕೂತು, ಮುಖ ಒರೆಸಿಕೊಂಡು, "ಸದ್ಯ," ಎಂದ. ಆಮೇಲೆ, ಅಮ್ಮ ಕೊಟ್ಟ ನೀರನ್ನು ಗಟಗಟ ಕುಡಿದು, "ಎದೆ ಬಾಯಿಗೆ ಬಂದಿತ್ತು ಕಣೇ. ಜೀವಮಾನ ಎಲ್ಲ ನಿಲ್ಲಿಸೋ ಕೆಲಸ ಮಾಡ್ದೋನು ನಾನು. ಒಂದ್ಸಲ ಒಂದು ಲಿಫ್ಟು ಹೇಳಿದ ಕಡೆ ನಿಲ್ದೆ ಮೇಲಕ್ಕೆ ಹೋಗಿತ್ತು, ಯಾರಿಗೂ ಏನೂ ಆಗ್ಲಿಲ್ಲ, ಆದ್ರೆ ಆ ಸದ್ದು ಇವತ್ತಿಗೂ ಮರೆತಿಲ್ಲ. ಇವತ್ತು ಅದೇ ಸದ್ದು. ನಾಳೆ ಬೆಳಿಗ್ಗೆ ಎದ್ದೂ ಇದು ತಿರುಗ್ತಾ ಇದ್ರೆ ನಾನೇನ್ ಮಾಡ್ಲಿ ಅಂತ. ಎಲ್ಲಿ ಕೂತ್ಕೊಳ್ಲಿ ಅಂತ," ಎಂದ. ಅಮ್ಮ ಸೆರಗಿನಿಂದ ಲೋಟ ಒರೆಸುತ್ತ, "ಮೊದ್ಲೇ ನನ್ನ ಕೇಳಿದ್ರೆ ಫ್ರಿಜ್ ಆರಿಸ್ತಿದ್ದೆ. ಒಳ್ಳೇ ಜನ," ಎಂದಳು; ಯಾರಿಗೂ ಅದು ತಮಾಷೆಯಾಗಿ ಕಾಣದಿದ್ದರೂ ಎಲ್ಲರೂ ನಕ್ಕರು. ಗೋಡೆಯಾಚೆಯ ನಗುವೂ ಸೇರಿತು. ಬಚ್ಚಲಿನಿಂದ ಬಂದ ಮೇಷ್ಟ್ರಿಗೆ ಎಲ್ಲವನ್ನೂ ಮೊದಲಿಂದ ಹೇಳಬೇಕಾಯಿತು. ಅವರು ಕೇಳಿ, ಬಹಳ ಹೊತ್ತು ಯೋಚಿಸಿ, "ಅಂದ್ರೆ ಮುಂದಿನ ವಾರ ಇದೆ," ಎಂದರು. "ಇದೆ, ಇದೆ," ಎಂದರು ಕನ್ನಡಕದವರು ಅವಸರದಿಂದ, "ನನ್ನ ಸರದಿ." ಬೇರಿಂಗ್ ಜೇಬಿನ ಪೊಟ್ಟಣವನ್ನು ಅಪ್ಪನ ಕೈಗಿಟ್ಟ.

ನಿಲ್ಲುತ್ತದೆಂದು ತಿಳಿದ ಮೇಲೂ ಅವರು ಮುಂದಿನ ವಾರದ ಮಾತಾಡುತ್ತಿದ್ದುದು ಅವಳಿಗೆ ಸೋಜಿಗವಾಗಬೇಕಿತ್ತು. ಆಗಲಿಲ್ಲ. ಬಹುಶಃ ಅವರಿಗೆ ಮೊದಲೂ ಗೊತ್ತಿತ್ತು, ಗೊತ್ತಿದ್ದದ್ದನ್ನು ಕೂತು ನೋಡುವುದಕ್ಕೇ ಬರುತ್ತಿದ್ದರು. ತಾನೊಬ್ಬಳೇ ಆ ಗುಟ್ಟನ್ನು ಹೊತ್ತು ಕಾಯುತ್ತಿದ್ದೇನೆಂದು ಬೆನ್ನು ನೋಯಿಸಿಕೊಂಡವಳು ಅವಳು. ನಾಚಿಕೆಯಾಯಿತು. ಆದರೆ ಈ ನಾಚಿಕೆಗೆ ತೂಕವಿರಲಿಲ್ಲ.

ಅವರೆಲ್ಲ ಹೋದ ಮೇಲೆ, ಬಿಸಿಲು ಇನ್ನೂ ಕೋಣೆಯಲ್ಲಿರುವಾಗಲೇ, ಅಪ್ಪ ಮಂಚದಡಿಯ ಪೆಟ್ಟಿಗೆ ಎಳೆದು, ಕೆಲಸದ ಕಾಲದ್ದೊಂದು ಸವೆದ ಬ್ರೇಕ್ ಶೂ, ಡ್ರಮ್ಮನ್ನು ತಬ್ಬುವ ಕಬ್ಬಿಣದ ಕಮಾನು, ಹುಡುಕಿ ತೆಗೆದ. "ನಿಲ್ಲೋ ಚಕ್ರಕ್ಕೆ ಯಾಕಪ್ಪ ಬ್ರೇಕು?" ಎಂದು ಅವಳು ಕೇಳಿದಳು. "ಲಿಫ್ಟ್ ಮೆಕ್ಯಾನಿಕ್ ಮಾಡಿದ್ದು ಅಂತ ನಾಳೆ ಯಾರಾದ್ರೂ ನೋಡಿದ್ರೆ? ಮಾನ ಹೋಗುತ್ತೆ. ಹಿಡ್ಕೋ ಇಲ್ಲಿ." ಅವಳು ಚೌಕಟ್ಟನ್ನು ಹಿಡಿದುಕೊಂಡಳು, ಅವನು ಶೂಗೊಂದು ಹಿಡಿಕೆ ಸೇರಿಸಿ ಬೋಲ್ಟು ಬಿಗಿದ. ಆಮೇಲೆ ಅವನೇ, ಸ್ವಲ್ಪ ಸಂಕೋಚದಿಂದ, "ಅದನ್ನ ಹಾಕು ನೋಡೋಣ," ಎಂದ. ಅವಳು ಒಳಗೆ ಹೋಗಿ ಸ್ವಿಚ್ಚು ಹಾಕಿದಳು. ಫ್ರಿಜ್ಜು ನಿಟ್ಟುಸಿರಿಟ್ಟು ಎದ್ದಿತು. ಅಪ್ಪ ಚಕ್ರವನ್ನು ತಳ್ಳಿದ. ಅದು ಇಳಿದು ಇಳಿದು ತನ್ನ ತಾಳಕ್ಕೆ ಸಿಕ್ಕಿಕೊಂಡು, ಯಾರ ಹಂಗೂ ಇಲ್ಲದಂತೆ ತಿರುಗಿತು, ಟಕ್, ಟಕ್, ಟಕ್. ಅಪ್ಪ ಅದನ್ನು ಸ್ವಲ್ಪ ಹೊತ್ತು ತಿರುಗಲು ಬಿಟ್ಟ. ಆಮೇಲೆ ಹಿಡಿಕೆಯ ಮೇಲೆ ಅವಳ ಕೈಯಿಟ್ಟು, ಅದರ ಮೇಲೆ ತನ್ನ ಕೈಯಿಟ್ಟು, ಮೆಲ್ಲಗೆ ಒತ್ತಿದ. ಗೋಡೆಯಾಚೆ ಪೆಟ್ಟಿಗೆ ಗುಂಯ್ ಎನ್ನುತ್ತಲೇ ಇತ್ತು. ಹಳೆಯ ಶೂ ಚಕ್ರದ ಅಂಚನ್ನು ತಬ್ಬಿ ಹಿಡಿಯಿತು.

"ನಿಂತಿತು," ಎಂದ ಅಪ್ಪ. ಆ ಕೋಣೆಯಲ್ಲಿ ಆ ಮಾತನ್ನು ಯಾರೂ ಆಡಿರಲಿಲ್ಲ. ಅದು ಹೇಗಿದೆಯೆಂದು ನೋಡುವವನಂತೆ ಅವನು ಇನ್ನೊಮ್ಮೆ ಹೇಳಿದ.